ನಿನ್ನ ಅರಮನೆಗೆ ಛಾವಣಿ ಇಲ್ವಾ?

"ಬೆಳಕು ಎಲ್ಲಿಂದ ಬತ್ತದೆ ಕಣಪ್ಪ?"

"ಎಲ್ಲಾ ಕಡೆಯಿಂದ ತಾತ."

"ಹಂಗಾದ್ರೆ ನಿನ್ನ ಅರಮನೆಗೆ ಛಾವಣಿ ಇಲ್ವಾ?"

ಮಂಗಳವಾರ ಸಂಜೆ ಹಾಸನದ ಬಿ.ಎಂ. ರಸ್ತೆ ಪಕ್ಕದ ಗಲ್ಲಿಯೊಂದರಲ್ಲಿ, ಪ್ರಿಂಟಿಂಗ್ ಅಂಗಡಿಯ ಕಂಪ್ಯೂಟರಿನಲ್ಲಿದ್ದ ನಾಟಕದ ಪರದೆಯ ಅರಮನೆ ಚಿತ್ರದ ಮುಂದೆ ನಡೆದ ಮಾತು ಇದು. ಕೇಳಿದವರು ನಮ್ಮೂರಿನ ಪೇಂಟರ್ ತಾತ. ಉತ್ತರ ಕೊಟ್ಟವನು ಅಂಗಡಿಯ ಹುಡುಗ. ಹುಡುಗ ಅಂದರೆ ಕೆಲಸಕ್ಕಿದ್ದವನಲ್ಲ, ಅವನೇ ಮಾಲೀಕ. ತಾತನ ಎರಡನೇ ಪ್ರಶ್ನೆಗೆ ಅವನು ಮೌಸ್ ಬಿಟ್ಟು ಕೈಕಟ್ಟಿ ಕೂತ. ಸ್ಕ್ರೀನ್ ನೋಡಿದ, ತಾತನ ಮುಖ ನೋಡಿದ, ಮತ್ತೆ ಸ್ಕ್ರೀನ್ ನೋಡಿದ. ಬಾಯಿಂದ ಒಂದು ಮಾತೂ ಬರಲಿಲ್ಲ. ಅವತ್ತಿನಿಂದ ಆ ಪ್ರಶ್ನೆ ನನ್ನನ್ನೂ ಬಿಟ್ಟಿಲ್ಲ. ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಏನೋ ಬರೆಯುತ್ತಿರುತ್ತೇನೆ, ತಟ್ಟನೆ ನೆನಪಾಗುತ್ತದೆ.

ಜಾತ್ರೆಗೆ ನಮ್ಮೂರಲ್ಲಿ ಕುರುಕ್ಷೇತ್ರ ನಾಟಕ. ಈ ಸಲ ಸೀನರಿ, ಅಂದರೆ ಸ್ಟೇಜಿನ ಹಿಂದೆ ಕಟ್ಟುವ ಚಿತ್ರದ ಪರದೆ, ಬಾಡಿಗೆಗೆ ತರುವುದು ಬೇಡ, ಊರಿಗೇ ಒಂದು ಸ್ವಂತ ದರ್ಬಾರ್ ಸೀನು ಇರಲಿ ಅಂತ ಕಮಿಟಿ ತೀರ್ಮಾನ ಮಾಡಿತು. ಬಾಡಿಗೆ ಸೀನರಿ ಪಾಡು ಗೊತ್ತಲ್ಲ. ಸುಗ್ಗಿ ಮುಗಿದ ಮೇಲೆ ಹಾಸನ, ಮಂಡ್ಯ, ತುಮಕೂರು ಕಡೆ ಒಂದೇ ರಾತ್ರಿ ಎಷ್ಟೋ ಊರಲ್ಲಿ ನಾಟಕ ಇರುತ್ತದೆ. ಮೊದಲು ಹೇಳಿದವರಿಗೆ ಒಳ್ಳೆ ಪರದೆ. ತಡ ಮಾಡಿದವರಿಗೆ ಮಡಿಕೆಯಲ್ಲೆಲ್ಲ ಬಣ್ಣ ಉದುರಿದ್ದು. ಹೋದ ವರ್ಷ ಕೃಷ್ಣ ಸಂಧಾನಕ್ಕೆ ಬಂದಾಗ ಪರದೆಯಲ್ಲಿದ್ದ ಸಿಂಹಾಸನಕ್ಕೆ ಒಂದು ಕಾಲೇ ಇರಲಿಲ್ಲ. ಪಾತ್ರಕ್ಕೆ ದುಡ್ಡು ಕಟ್ಟಿ, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಹಾಡು ಕಲಿಯುವ ರೈತರು ಇವರು. ಇವರ ಬೆನ್ನ ಹಿಂದೆ ಅಂಥ ಪರದೆ ಕಟ್ಟುವುದು ಅನ್ಯಾಯ.

ತಾತನನ್ನು ಜೊತೆಗೆ ಕರೆದುಕೊಂಡು ಹೋಗಿದ್ದು ನಾನೇ. "ಮಶೀನಲ್ಲಿ ಹೊಡೆಸೋದಕ್ಕೆ ಪೇಂಟರ್ ಯಾಕೆ ಮೇಷ್ಟ್ರೇ?" ಅಂತ ಕಮಿಟಿಯಲ್ಲಿ ಒಬ್ಬರು ಕೇಳಿದ್ದರು. ಅವರಿಗೆ ಎಲ್ಲದಕ್ಕೂ ಒಂದು ಅಡ್ಡಮಾತು ಇರಲೇಬೇಕು. ತಾತ ವಯಸ್ಸಿನಲ್ಲಿ ನಾಟಕದ ಕಂಪನಿಗಳಿಗೆ ಪರದೆ ಬರೆದವರು. ಪುಡಿ ಬಣ್ಣಕ್ಕೆ ಅಂಟು ಬೆರೆಸಿ, ಬಟ್ಟೆಯನ್ನು ನೆಲಕ್ಕೆ ಹಾಸಿ, ಅದರ ಮೇಲೇ ಓಡಾಡಿಕೊಂಡು ಬರೆಯುತ್ತಿದ್ದರಂತೆ. ಆಮೇಲೆ ಟಾಕೀಸಿನ ಬ್ಯಾನರು, ಅಂಗಡಿ ಬೋರ್ಡು, ಎಲೆಕ್ಷನ್ ಬಂದರೆ ಗೋಡೆ ಬರಹ. ಫ್ಲೆಕ್ಸ್ ಬಂದ ಮೇಲೆ ಎಲ್ಲವೂ ಒಂದೊಂದಾಗಿ ಕೈಬಿಟ್ಟು ಹೋಯಿತು. ಅಂಥವರನ್ನು ಪ್ರಿಂಟಿಂಗ್ ಅಂಗಡಿಗೆ ಕರೆಯುವುದಕ್ಕೆ ನನಗೂ ಅಳುಕಿತ್ತು. ಅವರು ಮಾತ್ರ ಶುಭ್ರವಾದ ಅಂಗಿ ಹಾಕಿಕೊಂಡು, ನನಗಿಂತ ಮುಂಚೆ ಬಸ್ ಸ್ಟಾಪಿಗೆ ಬಂದು ನಿಂತಿದ್ದರು.

ಆ ಹುಡುಗನದೂ ಮೊದಲು ಫ್ಲೆಕ್ಸ್ ಅಂಗಡಿಯೇ. ಹತ್ತು ಅಡಿ ಅಗಲದ ಮಶೀನು. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ನಾಯಕರಿಗೆ ಸ್ವಾಗತ. 2016ರ ಮಾರ್ಚ್‌ನಲ್ಲೇ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟದ ಜೊತೆಗೆ ಫ್ಲೆಕ್ಸನ್ನೂ ನಿಷೇಧ ಮಾಡಿತ್ತು. ಅದಾದ ಮೇಲೂ ಫ್ಲೆಕ್ಸ್ ನಿಲ್ಲಲಿಲ್ಲ ಅನ್ನುವುದು ರಸ್ತೆಗೆ ಇಳಿದವರಿಗೆಲ್ಲ ಗೊತ್ತು. ಅವನನ್ನು ಸುಸ್ತು ಮಾಡಿದ್ದು ನಿಷೇಧ ಅಲ್ಲ, ಚದರಡಿ ರೇಟು. ಪಕ್ಕದವನು ಒಂದು ರೂಪಾಯಿ ಇಳಿಸಿದರೆ ಇವನೂ ಇಳಿಸಬೇಕು. ಎಲ್ಲರ ಹತ್ತಿರವೂ ಅದೇ ಥರದ ಮಶೀನು, ಅದೇ ಇಂಕು, ಅದೇ ರೋಲು. ಎಲೆಕ್ಷನ್ ಮುಗಿದ ಮೇಲೆ ಬಾಕಿ ವಸೂಲಿಗೆ ಮನೆಮನೆ ಅಲೆದಾಟ ಬೇರೆ. "ನನ್ನ ಅಂಗಡಿಗೇ ಯಾಕೆ ಬರಬೇಕು ಅಂತ ಯಾರಾದ್ರೂ ಕೇಳಿದ್ರೆ, ಹೇಳೋದಕ್ಕೆ ನನ್ ಹತ್ರ ಉತ್ತರ ಇರಲಿಲ್ಲ ಸಾರ್" ಅಂದ. ಆ ಮಶೀನ್ ಮಾರಿದ. ಈಗ ಅವನು ಬಟ್ಟೆ ಮೇಲೆ ಮಾತ್ರ ಪ್ರಿಂಟ್ ಮಾಡುತ್ತಾನೆ. ನಾಟಕದ ಸೀನರಿ, ಸ್ಕೂಲ್ ಡೇ ಪರದೆ, ರಾಜ್ಯೋತ್ಸವದ ಸ್ಟೇಜು. ಮಳೆಗಾಲದಲ್ಲಿ ನಾಟಕ ಇರುವುದಿಲ್ಲ, ಆವಾಗ ಅದೇ ಮಶೀನಲ್ಲಿ ಕಬಡ್ಡಿ, ವಾಲಿಬಾಲ್ ಟೀಮುಗಳ ಜೆರ್ಸಿ. ಮಶೀನನ್ನು ಸುಮ್ನೆ ನಿಲ್ಲಿಸುವ ಹಾಗಿಲ್ಲ. ಇಂಕು ಒಣಗಿ, ಅದನ್ನು ಚಿಮ್ಮಿಸುವ ಹೆಡ್ಡಿನ ಸಣ್ಣ ತೂತುಗಳು ಕಟ್ಟಿಕೊಳ್ಳುತ್ತವೆ, ಹೆಡ್ ಬದಲಾಯಿಸುವ ಖರ್ಚು ಸಣ್ಣದಲ್ಲ. ಆರ್ಡರ್ ಇಲ್ಲದ ದಿನವೂ ಬೆಳಗ್ಗೆ ಒಂದು ಗೆರೆ ಟೆಸ್ಟ್ ಹೊಡೆದೇ ಅವನು ಕಾಫಿಗೆ ಹೋಗುವುದು.

ಮಶೀನು ಕೆಲಸ ಮಾಡುವ ರೀತಿಯನ್ನು ತಾತನ ಪಕ್ಕ ನಿಂತು ನೋಡಿದ್ದು ನನ್ನ ಭಾಗ್ಯ. ಆರು ಅಡಿ ಅಗಲದ ಪ್ರಿಂಟರು ಮೊದಲು ಹೊಡೆಯುವುದು ಬಟ್ಟೆ ಮೇಲಲ್ಲ, ಕಾಗದದ ಮೇಲೆ. ಅದೂ ಕನ್ನಡಿಯಲ್ಲಿ ಕಾಣುವ ಹಾಗೆ ಉಲ್ಟಾ. ಹೆಡ್ಡು ಆ ಕಡೆಯಿಂದ ಈ ಕಡೆಗೆ ಓಡಾಡುತ್ತಾ, ಒಂದೊಂದು ಪಟ್ಟಿಯಾಗಿ ಚಿತ್ರ ಕೆಳಗಿಳಿಸುತ್ತದೆ. ಕಾಗದದಲ್ಲಿ ಕೆಂಪು ಕಂದಿತ್ತು. ಚಿನ್ನದ ಬಣ್ಣ ಮಣ್ಣು ಮಣ್ಣಾಗಿತ್ತು. ತಾತ ನನ್ನ ಕಡೆ ನೋಡಿದರು. ಅವರಿಗೆ ಅದು ಹಿಡಿಸಲಿಲ್ಲ ಅಂತ ಗೊತ್ತಾಯಿತು. ಆಮೇಲೆ ಹುಡುಗ ಆ ಕಾಗದವನ್ನೂ ಬಿಳಿ ಪಾಲಿಯೆಸ್ಟರ್ ಬಟ್ಟೆಯನ್ನೂ ಮುಖಕ್ಕೆ ಮುಖ ಸೇರಿಸಿ ಬಿಸಿ ರೋಲರಿಗೆ ಕೊಟ್ಟ. ಸುಮಾರು 200 ಡಿಗ್ರಿ ಕಾವು. ಆ ಕಾವಿಗೆ ಬಣ್ಣ ಆವಿಯಾಗಿ ನೂಲಿನ ಒಳಕ್ಕೇ ಇಳಿಯುತ್ತದೆ. ಇದು ಪಾಲಿಯೆಸ್ಟರಿಗೆ ಹಿಡಿಯುವ ಬಣ್ಣ, ಹತ್ತಿ ಬಟ್ಟೆಗೆ ನಿಲ್ಲುವುದಿಲ್ಲ. ರೋಲರಿನ ಆಚೆ ಬದಿಯಿಂದ ರತ್ನಗಂಬಳಿಯ ಅಂಚು ಹೊರಗೆ ಬಂತು. ಎಂಥ ಕೆಂಪು! ತಾತ ಹೆಬ್ಬೆರಳಿಗೆ ಎಂಜಲು ಹಚ್ಚಿ ಉಜ್ಜಿದರು. ಬೆರಳು ನೋಡಿಕೊಂಡರು. ಬಟ್ಟೆಯನ್ನು ಮಡಿಸಿ, ಮಡಿಕೆಯ ಮೇಲೆ ಉಗುರು ಎಳೆದು, ಬಿಚ್ಚಿ ಬೆಳಕಿಗೆ ಹಿಡಿದರು. ಗೆರೆ ಇರಲಿಲ್ಲ.

"ಹಚ್ಚಿದ ಬಣ್ಣ ಅಲ್ಲ ಇದು. ಕುಡಿಸಿದ ಬಣ್ಣ" ಅಂದರು.

ಫ್ಲೆಕ್ಸಿನಲ್ಲಿ ಈ ಕೆಲಸ ಆಗುವುದಿಲ್ಲ. ಫ್ಲೆಕ್ಸು ಭಾರ, ಮಡಿಸಿದ ಕಡೆ ಬಿಳಿ ಗೆರೆ ಬೀಳುತ್ತದೆ. ಎಲ್ಲಕ್ಕಿಂತ ಜಾಸ್ತಿ, ಹೊಳೆಯುತ್ತದೆ. ಲೈಟು ಬಿದ್ದ ಕಡೆ ದುರ್ಯೋಧನನ ತಲೆ ಹಿಂದೆ ಒಂದು ಬಿಳಿ ಮಚ್ಚೆ. ಈಗ ನಾಟಕ ನೋಡುವವರಲ್ಲಿ ಅರ್ಧ ಜನ ಮೊಬೈಲ್ ಎತ್ತಿ ಹಿಡಿದಿರುತ್ತಾರೆ, ವಿಡಿಯೋದಲ್ಲಿ ಅದು ಇನ್ನೂ ಕೆಟ್ಟದಾಗಿ ಕಾಣುತ್ತದೆ. ಬಟ್ಟೆಗೆ ಆ ತೊಂದರೆ ಇಲ್ಲ. ಮಡಿಸಿ ಬ್ಯಾಗಿಗೆ ಹಾಕಿಕೊಂಡು ಬಸ್ಸಿನಲ್ಲೇ ಬರಬಹುದು, ಬೊಂಬಿಗೆ ಸುತ್ತಿ ಟೆಂಪೋ ಮಾಡಬೇಕಾಗಿಲ್ಲ. ಇನ್ನೊಂದು ವಿಷಯ. ಪುಸ್ತಕ, ಕರಪತ್ರ ಹೊಡೆಯುವ ಆಫ್‌ಸೆಟ್ ಪ್ರೆಸ್ಸಿಗೆ ಪ್ರತಿ ಬಣ್ಣಕ್ಕೂ ಒಂದೊಂದು ಪ್ಲೇಟ್ ಮಾಡಿಸಬೇಕು, ಸಾವಿರ ಪ್ರತಿ ಹೊಡೆಸಿದರೇನೇ ಗಿಟ್ಟುವುದು. ಇಲ್ಲಿ ಪ್ಲೇಟೇ ಇಲ್ಲ. ಒಂದು ಊರಿಗೆ ಒಂದೇ ಒಂದು ಪರದೆ ಬೇಕಾದರೂ ಮಾಡಿಕೊಡಬಹುದು. ರಾಜಬೀದಿ ಸೀನಿನಲ್ಲಿ ನಮ್ಮೂರ ದೇವಸ್ಥಾನದ ಗೋಪುರವೇ ಇರಲಿ ಅಂದರೆ ಅದೂ ಆಗುತ್ತದೆ. ಪಟ್ಟಿ ಪಟ್ಟಿ ಸೇರಿಸಿ ಹೊಲಿದ ಪರದೆ ಎಲ್ಲಾದರೂ ಹರಿದರೆ ಆ ಒಂದು ಪಟ್ಟಿ ಮಾತ್ರ ಮತ್ತೆ ಹೊಡೆದರೆ ಸಾಕು. ಸಣ್ಣ ಊರಿನ ಸಣ್ಣ ಅಂಗಡಿಯೊಂದು ನಾಟಕದವರನ್ನೇ ಹೆಚ್ಚಾಗಿ ನಂಬಿಕೊಂಡು ಬದುಕಬಹುದು ಅಂತಾಗಿರುವುದು ಇದರಿಂದ.

ಆದರೆ ಇದೇ ಮಶೀನನ್ನು ನಾಳೆ ಇನ್ನೊಬ್ಬರೂ ತರಬಹುದು, ಅಲ್ವಾ? ಆಗ ಮತ್ತೆ ಚದರಡಿ ರೇಟು ಶುರುವಾಗುತ್ತದೆ. ಅದಕ್ಕೇ ನನಗೆ ತಾತನ ಪ್ರಶ್ನೆ ಅಷ್ಟು ದೊಡ್ಡದಾಗಿ ಕೇಳಿಸಿದ್ದು.

ಹುಡುಗ ತೋರಿಸಿದ ದರ್ಬಾರು ಎಲ್ಲಿಂದಲೋ ತೆಗೆದುಕೊಂಡ ಚಿತ್ರ. ಕಂಬಗಳು ಮಿರಮಿರ ಮಿಂಚುತ್ತಿದ್ದವು, ನೆಲ ಫಳಫಳ. ಚೆನ್ನಾಗಿದೆ ಅಂತಲೇ ನಾನು ಅಂದುಕೊಂಡಿದ್ದೆ. ತಾತನಿಗೆ ಕಂಡಿದ್ದೇ ಬೇರೆ. ಒಂದು ಕಂಬದ ನೆರಳು ಎಡಕ್ಕೆ, ಇನ್ನೊಂದರದ್ದು ಬಲಕ್ಕೆ, ಸಿಂಹಾಸನಕ್ಕೆ ನೆರಳೇ ಇಲ್ಲ. "ಎಡಗಡೆ ಕಿಟಕಿ ಇದೆ ಅಂತ ಮನಸಲ್ಲಿ ಇಟ್ಕೊ. ಆಗ ಎಲ್ಲಾ ಕಂಬಕ್ಕೂ ಬಲಗಡೆ ಕತ್ಲು. ಆವಾಗ ಬಟ್ಟೆ ಒಳಕ್ಕೆ ಹೋಯ್ತದೆ" ಅಂದರು. ಬಟ್ಟೆ ಒಳಕ್ಕೆ ಹೋಗುವುದು ಅಂದರೆ, ಮೂವತ್ತು ಅಡಿ ಪರದೆಯ ಹಿಂದೆ ನೂರು ಅಡಿ ಸಭಾಂಗಣ ಇದೆ ಅಂತ ಕಣ್ಣು ನಂಬುವುದು. ಆಮೇಲೆ ಬಾಗಿಲಿನ ಅಳತೆ ಕೇಳಿದರು. ಹುಡುಗ ಐದೂವರೆ ಅಡಿ ಅಂದ. "ಕಿರೀಟ ಹಾಕ್ಕೊಂಡ ಭೀಮ ಎಲ್ಲಿಂದ ಒಳಗೆ ಬರ್ಬೇಕು?" ಅಂದರು. ಪರದೆಯ ಬಾಗಿಲು ಪಾತ್ರಧಾರಿಗಿಂತ ಎತ್ತರ ಇರಬೇಕು, ಇಲ್ಲದಿದ್ದರೆ ಅರಮನೆ ಗುಬ್ಬಚ್ಚಿ ಗೂಡಾಗುತ್ತದೆ.

ಹುಡುಗನೂ ಸುಮ್ಮನಿರಲಿಲ್ಲ. ಮಶೀನ್ ಅಗಲ ಆರೇ ಅಡಿ, ಮೂವತ್ತು ಅಡಿಗೆ ಐದು ಪಟ್ಟಿ ಹೊಲಿಯಬೇಕು, ನಾಲ್ಕು ಹೊಲಿಗೆ ಬರುತ್ತದೆ, ಏನು ಮಾಡೋದು ಅಂತ ಕೇಳಿದ. ತಾತ ಒಂದು ಕ್ಷಣವೂ ಯೋಚಿಸಲಿಲ್ಲ. "ಹೊಲಿಗೆ ಬರೋ ಜಾಗಕ್ಕೆ ಕಂಬ ನಿಲ್ಸು. ಕಂಬದ ಅಂಚಲ್ಲಿ ಗೆರೆ ಇದ್ರೆ ಯಾರೂ ಕೇಳಲ್ಲ." ಹುಡುಗ ಎದ್ದು ನಿಂತೇಬಿಟ್ಟ. ಕಾವಿಗೆ ಬಟ್ಟೆ ಸ್ವಲ್ಪ ಕುಗ್ಗುತ್ತದೆ, ಅದಕ್ಕೇ ಐದೂ ಪಟ್ಟಿಯನ್ನು ಒಂದೇ ರೋಲಿನಲ್ಲಿ, ಒಂದೇ ದಿಕ್ಕಿನಲ್ಲಿ ಹೊಡೆಯಬೇಕು ಅಂತ ಅವನು ತಾತನಿಗೆ ವಿವರಿಸಿದ. ದೂರದಿಂದ ನೋಡುವ ಪರದೆಗೆ ಫೋಟೋದಷ್ಟು ಒತ್ತಾದ ಚುಕ್ಕೆ ಬೇಕಾಗಿಲ್ಲ ಅಂತಲೂ ಹೇಳಿದ. "ನಾವೂ ಹಂಗೇ ಬರೀತಿದ್ವು. ಹತ್ರ ಹೋದ್ರೆ ಬರೀ ಬಣ್ಣದ ಮುದ್ದೆ" ಅಂದರು ತಾತ. ಇಬ್ಬರೂ ನನ್ನನ್ನು ಮರೆತಿದ್ದರು.

ನಮ್ಮ ಕಡೆಯ ದರ್ಬಾರ್ ಸೀನು ಎಷ್ಟು ದಾರಿ ಸುತ್ತಿ ಬಂದಿದೆ ನೋಡಿ. ಬಣ್ಣದ ಪರದೆಯ ಶೋಕಿ ಪಾರ್ಸಿ ನಾಟಕ ಕಂಪನಿಗಳಿಂದ ಬಂದಿದ್ದು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿ ಅದನ್ನು ಎಲ್ಲಿಗೋ ಮುಟ್ಟಿಸಿತು, ಕುರುಕ್ಷೇತ್ರಕ್ಕೆ ಆನೆ, ಕುದುರೆಗಳನ್ನೇ ಸ್ಟೇಜಿಗೆ ತಂದಿತು. ಈಗಲೂ ನಮ್ಮೂರ ಹಸ್ತಿನಾವತಿ ಮೈಸೂರು ಅರಮನೆಯ ಥರವೇ ಇರುತ್ತದೆ, ಅದೇ ಕಮಾನು, ಅದೇ ಕಂಬದ ಸಾಲು. 1897ರಲ್ಲಿ ಹಳೇ ಅರಮನೆ ಸುಟ್ಟುಹೋಗಿ, 1912ರಲ್ಲಿ ಕಟ್ಟಿ ಮುಗಿದ ಅರಮನೆ ಅದು. ದುರ್ಯೋಧನ ಅಲ್ಲಿ ಕೂತರೇನೇ ನಮ್ಮ ಜನಕ್ಕೆ ಸಮಾಧಾನ. ಇದೆಲ್ಲ ಯಾವ ಸಾಫ್ಟ್‌ವೇರಿನಲ್ಲಿ ಇದೆ? ತಾತನಂಥವರ ಕೈಯಲ್ಲಿದೆ, ಅಷ್ಟೇ.

ಮಶೀನು ಬಂದು ಕಲಾವಿದರ ಹೊಟ್ಟೆ ಮೇಲೆ ಹೊಡೆಯಿತು ಅನ್ನುವವರನ್ನು ಕೇಳಿದ್ದೇನೆ. ಈಗ ಎಲ್ಲಾ ಕಂಪ್ಯೂಟರೇ ಮಾಡುತ್ತದೆ ಬಿಡಿ ಅನ್ನುವವರೂ ಸಿಗುತ್ತಾರೆ. ಮೊದಲನೆಯವರ ಮಾತಲ್ಲಿ ಸತ್ಯ ಇದೆ, ತಾತ ಹೇಗೆ ಬದುಕಿದರು ಅಂತ ನಾನು ಕಂಡಿದ್ದೇನೆ. ಎರಡನೆಯವರ ಮಾತು ಬರೀ ಸೋಮಾರಿತನ. ಆ ಹುಡುಗನ ಮೇಲೆ ನನಗೆ ಗೌರವ ಬಂದಿದ್ದು ಅವನ ಮಶೀನಿಗಲ್ಲ. ತಾತ ತಪ್ಪು ತೋರಿಸಿದಾಗ ಅವನು "ನಡೀತದೆ ಬಿಡಿ, ಹಳ್ಳಿ ನಾಟಕ ತಾನೇ" ಅನ್ನಲಿಲ್ಲ. ಹಾಗಂದವರನ್ನು ಬೇಕಾದಷ್ಟು ನೋಡಿದ್ದೇನೆ. ಇವನು ರಾತ್ರಿಯೆಲ್ಲ ಕೂತು ಪ್ರತಿ ಕಂಬದ ನೆರಳು ತಿರುಗಿಸಿ, ಬುಧವಾರ ಬೆಳಗ್ಗೆ ನನ್ನ ವಾಟ್ಸಾಪಿಗೆ ಚಿತ್ರ ಕಳಿಸಿದ. ಕೆಳಗೆ ಒಂದೇ ಸಾಲು: "ಈಗ ಛಾವಣಿ ಇದೆಯಾ ಕೇಳಿ ಸಾರ್." ತಾತ ಕನ್ನಡಕ ಹಾಕಿಕೊಂಡು ತುಂಬಾ ಹೊತ್ತು ನೋಡಿ, "ಐತೆ ಅನ್ನು" ಅಂದರು.

ಮುಂದಿನದು, ದುರ್ಯೋಧನ ಕೊನೆಗೆ ಅಡಗಿ ಕೂರುವ ವೈಶಂಪಾಯನ ಸರೋವರದ ಸೀನು. ಹುಡುಗನ ಹತ್ತಿರ ಇದ್ದ ಸರೋವರದ ಸುತ್ತ ಹಿಮದ ಬೆಟ್ಟ, ಚೂಪು ಮರಗಳು. ತಾತ ಅದನ್ನು ಒಂದೇ ಏಟಿಗೆ ತಳ್ಳಿಹಾಕಿದರು. ಹಳೇಬೀಡಿಗೆ ಹೋಗಿ ದ್ವಾರಸಮುದ್ರ ಕೆರೆ ದಂಡೆ ಮೇಲೆ ಬೆಳ್‌ಬೆಳಗ್ಗೆ ನಿಂತುಕೋ, ನೀರಿನ ಮೇಲಿನ ಬೆಳಕು ನೋಡು, ಆಮೇಲೆ ಫೋಟೋ ತೆಗಿ ಅಂದರು. ಶನಿವಾರ ಇಬ್ಬರೂ ಅವನ ಬೈಕಿನಲ್ಲೇ ಹೋಗುತ್ತಿದ್ದಾರೆ.

ಗುರುವಾರ ಬಿಲ್ ಬಂತು. ಬಟ್ಟೆ, ಪ್ರಿಂಟು, ಹೊಲಿಗೆ, ಹಗ್ಗ, ರಿಂಗು. ಅದರ ಕೆಳಗೆ ಇನ್ನೊಂದು ಸಾಲು: ಸೀನು ತಿದ್ದಿಸಿದ ಪೇಂಟರ್ ಕೂಲಿ. ಆ ದುಡ್ಡನ್ನು ಹುಡುಗ ಆಗಲೇ ತಾತನ ಕೈಗೆ ಕೊಟ್ಟಿದ್ದ. ತಾತ ಬೇಡ ಅಂದಿದ್ದರು. ಅವರ ವಯಸ್ಸಿನವರಿಗೆ ಅದೊಂದು ಚಟ, ಗೊತ್ತಿರುವುದನ್ನು ಹೇಳಿದ್ದಕ್ಕೆ ದುಡ್ಡು ಯಾಕೆ ಅನ್ನುವುದು. ನಾನು ಗದರಿದ ಮೇಲೆ ತೆಗೆದುಕೊಂಡರು. ನಾವು ಬಟ್ಟೆಯನ್ನು ಅಡಿ ಲೆಕ್ಕದಲ್ಲಿ ಅಳೆದು ದುಡ್ಡು ಕೊಡುತ್ತೇವೆ, ಆ ಬಟ್ಟೆಯಲ್ಲಿ ಏನಿರಬೇಕು ಅಂತ ಹೇಳುವವರಿಗೆ ಒಂದು ಟೀ ಕುಡಿಸಿ ಕಳಿಸುತ್ತೇವೆ. ಬೋರ್ಡು ಬರೆದವರಿಗೂ ಹಾಗೇ ಮಾಡಿದೆವು, ಹಾರ್ಮೋನಿಯಂ ಮೇಷ್ಟ್ರುಗಳಿಗೂ ಹಾಗೇ ಮಾಡುತ್ತಿದ್ದೇವೆ. ಆ ಹುಡುಗ ಯಾರೂ ಹೇಳದೆ ಆ ಸಾಲು ಬರೆದಿದ್ದಾನೆ.

ಕಮಿಟಿಯ ಅಡ್ಡಮಾತಿನವರು ಆಗಲೇ ಫೋನ್ ಮಾಡಿದ್ದರು. "ಮೇಷ್ಟ್ರೇ, ಪ್ರಿಂಟಿಗೆ ದುಡ್ಡು ಕೊಟ್ಟ ಮೇಲೆ ಪೇಂಟರ್ ಕೂಲಿ ಏನು? ಅದನ್ನ ಹೊಡೆದಾಕಿಸಿ" ಅಂದರು. ಭಾನುವಾರ ದೇವಸ್ಥಾನದ ಜಗಲಿಯಲ್ಲಿ ಮೀಟಿಂಗ್ ಇದೆ. ಬಿಲ್ ನನ್ನ ಹತ್ತಿರವೇ ಇದೆ. ಆ ಸಾಲನ್ನು ಎಲ್ಲರ ಮುಂದೆ ಜೋರಾಗಿ ಓದುತ್ತೇನೆ, ಹೊಡೆಯುವುದಕ್ಕೆ ಬಿಡುವುದಿಲ್ಲ.