ದಾವಣಗೆರೆಯಿಂದ ದಾವಣಗೆರೆಗೆ: ಅದಿರು ಗಾಡಿಗಳ ಹಾದಿಯಲ್ಲಿ ಒಂದು ದಿನದ ಸುತ್ತು

ದಾವಣಗೆರೆ ಸ್ಟೇಷನ್ನಿನಲ್ಲಿ ನಿಂತವರಿಗೆ ಕಾಣುವುದು ಬೆಂಗಳೂರು–ಹುಬ್ಬಳ್ಳಿ ಲೈನು ಒಂದೇ. ಆದರೆ ಊರಿನ ಎರಡೂ ಬದಿಯಲ್ಲಿ ಒಂದೊಂದು ಕವಲು ಒಡೆಯುತ್ತದೆ. ಹರಿಹರದ ಪಕ್ಕದ ಅಮರಾವತಿ ಕಾಲೊನಿಯಿಂದ ಹೊರಟದ್ದು ಹರಪನಹಳ್ಳಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ದಾಟಿ ಹೊಸಪೇಟೆ ಸೇರುತ್ತದೆ. ಚಿಕ್ಕಜಾಜೂರಿನಿಂದ ಹೊರಟದ್ದು ಚಿತ್ರದುರ್ಗ, ಚಳ್ಳಕೆರೆ, ಮೊಳಕಾಲ್ಮೂರು, ರಾಯದುರ್ಗ ದಾಟಿ ಬಳ್ಳಾರಿಗೆ ಹೋಗುತ್ತದೆ. ನಡುವಿನ ಹೊಸಪೇಟೆ–ಬಳ್ಳಾರಿ 65 ಕಿ.ಮೀ. ಸೇರಿಸಿಕೊಂಡರೆ ಸುತ್ತು ಪೂರ್ತಿಯಾಗುತ್ತದೆ, ಒಟ್ಟು ಸುಮಾರು 440 ಕಿ.ಮೀ. ರೈಲಿನ ಹುಚ್ಚಿರುವ ಹತ್ತಿಪ್ಪತ್ತು ಜನ ಒಂದು ದಿನದಲ್ಲಿ ನೋಡಬಹುದಾದ ಹಾದಿಗಳಲ್ಲಿ ನಮ್ಮ ಭಾಗಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ. ಹರಿಹರ–ಕೊಟ್ಟೂರು ನಡುವಿನ 65 ಕಿ.ಮೀ. ಹೊಸದಾಗಿ ಹಾಕಿದ ಲೈನು. ಹೊಸಪೇಟೆ–ಹರಿಹರ ಪ್ಯಾಸೆಂಜರ್ ಓಡಾಟ ಶುರುವಾದದ್ದು 2019ರಲ್ಲಿ. 

ಇಡೀ ಗಾಡಿಯನ್ನೇ ಬಾಡಿಗೆಗೆ ಹಿಡಿಯೋಣ ಎಂಬ ಮಾತು ಪ್ರತಿ ಗುಂಪಿನಲ್ಲೂ ಬರುತ್ತದೆ. ದಾರಿ ಇದೆ. ಐಆರ್‌ಸಿಟಿಸಿಯ ಎಫ್‌ಟಿಆರ್ (ಪೂರ್ತಿ ದರ ಕಟ್ಟಿ ಬಾಡಿಗೆಗೆ ಪಡೆಯುವ) ವ್ಯವಸ್ಥೆಯಲ್ಲಿ ವಿಶೇಷ ಗಾಡಿ ಕೇಳಬಹುದು. ಆದರೆ ಕನಿಷ್ಠ 18 ಬೋಗಿ ತೆಗೆದುಕೊಳ್ಳಬೇಕು, ಪ್ರತಿ ಬೋಗಿಗೆ 50,000 ರೂಪಾಯಿ ನೋಂದಣಿ ಹಣ ಕಟ್ಟಬೇಕು, ಅರ್ಜಿ ಪ್ರಯಾಣದ ದಿನಕ್ಕೆ ಆರು ತಿಂಗಳ ಒಳಗೆ, ಕನಿಷ್ಠ 30 ದಿನ ಮುಂಚೆ ಹೋಗಬೇಕು. ಅಂದರೆ ಗಾಡಿ ಹೊರಡುವ ಮೊದಲೇ 9 ಲಕ್ಷ ರೂಪಾಯಿ. ಹತ್ತಿಪ್ಪತ್ತು ಜನಕ್ಕೆ ಇದು ಹೊಂದುವ ಲೆಕ್ಕವಲ್ಲ. ಇನ್ನೊಂದು ತೊಡಕೂ ಇದೆ. 18 ಬೋಗಿ ಎಂದರೆ 400 ಮೀಟರ್ ಮೇಲೆ ಉದ್ದ. ಸಣ್ಣ ಸ್ಟೇಷನ್ನಿನ ಪ್ಲಾಟ್‌ಫಾರ್ಮ್ ಅಷ್ಟು ಉದ್ದ ಇರುವುದಿಲ್ಲ, ಹಿಂದಿನ ಬೋಗಿಯವರು ಜಲ್ಲಿ ಮೇಲೆ ಇಳಿಯಬೇಕಾಗುತ್ತದೆ. ಬೋಗಿಯ ನೆಲ ಹಳಿಯಿಂದ ಒಂದು ಮೀಟರಿಗಿಂತ ಎತ್ತರ. ವಯಸ್ಸಾದವರಿಗೆ ಅದು ಆಗದ ಕೆಲಸ.

ಗುಂಡಾ ರೋಡಿನಿಂದ ಸ್ವಾಮಿಹಳ್ಳಿಗೆ ಹೋಗುವ ಅದಿರಿನ ಕವಲಿನ ಮೇಲೂ ಎಲ್ಲರಿಗೂ ಕಣ್ಣು. ಆದರೆ ಗೂಡ್ಸ್‌ಗೆಂದು ಮಾತ್ರ ತೆರೆದ ಲೈನಿನಲ್ಲಿ ಜನರನ್ನು ಕೂರಿಸಿ ಗಾಡಿ ಓಡಿಸಬೇಕಾದರೆ 1989ರ ರೈಲ್ವೆ ಕಾಯಿದೆಯ ಪ್ರಕಾರ ರೈಲ್ವೆ ಸುರಕ್ಷತಾ ಆಯುಕ್ತರ ತಪಾಸಣೆ ಆಗಿ, ಪ್ರಯಾಣಿಕರಿಗೆ ತೆರೆಯಲು ಮಂಜೂರಾತಿ ಸಿಗಬೇಕು. ದುಡ್ಡು ಕಟ್ಟಿದರೆ ತೆರೆಯುವ ಬಾಗಿಲಲ್ಲ ಅದು. ಗಾಡಿ ನಡೆಸುವವರ ಪ್ರಶ್ನೆಯೂ ಇದೆ. ಲೋಕೊ ಪೈಲಟ್ ಒಂದು ಹಾದಿಯಲ್ಲಿ ಸ್ವತಂತ್ರವಾಗಿ ಗಾಡಿ ನಡೆಸುವ ಮೊದಲು ‘ರೋಡ್ ಲರ್ನಿಂಗ್’ ಎಂದು ಮೂರು ಟ್ರಿಪ್ ಕಲಿತಿರಬೇಕು, ಅದರಲ್ಲಿ ಒಂದು ರಾತ್ರಿಯದು. ಆ ಕಡೆ ಹೋಗದೆ ಬಹಳ ದಿನವಾಗಿದ್ದರೆ ಮತ್ತೆ ಕಲಿಯಬೇಕು. ಅಪರೂಪದ ಹಾದಿ ಗೊತ್ತಿರುವ ಪೈಲಟ್‌ಗಳು ಕಡಿಮೆ. ಗಾರ್ಡ್ ಡಬ್ಬಿಯಲ್ಲಿ ಹತ್ತಿಸಿಕೊಳ್ಳಿ ಎಂದು ಕೇಳಲೇಬೇಡಿ, ಅವರ ಕೆಲಸಕ್ಕೇ ಕುತ್ತು.

ಹಾಗಾಗಿ ಮಾಮೂಲಿ ಪ್ಯಾಸೆಂಜರ್ ಗಾಡಿ, ಜೊತೆಗೆ ಬೆನ್ನಿಗೊಂದು ಟಿಟಿ (ಟೆಂಪೊ ಟ್ರಾವೆಲರ್) ವ್ಯಾನು. ಇದೇ ಸರಿಯಾದ ಏರ್ಪಾಡು. ಬೆಳಗಿನ ಗಾಡಿ ಯಾವ ಕವಲಿನಲ್ಲಿ ನಿಮಗೆ ಹೊಂದುತ್ತದೋ ಆ ದಿಕ್ಕಿನಿಂದ ಸುತ್ತು ಶುರುಮಾಡಿ. ವೇಳಾಪಟ್ಟಿ ನೋಡಿ ಲೆಕ್ಕ ಹಾಕಬೇಡಿ. ಎನ್‌ಟಿಇಎಸ್‌ನಲ್ಲಿ (ಗಾಡಿ ಎಲ್ಲಿದೆ ಎಂದು ತೋರಿಸುವ ರೈಲ್ವೆಯ ತಾಣ) ಒಂದು ವಾರ ದಿನಾ ಆ ಗಾಡಿ ನಿಜವಾಗಿ ಎಷ್ಟಕ್ಕೆ ತಲುಪಿತು ಎಂದು ಬರೆದಿಟ್ಟುಕೊಂಡು, ಏಳು ದಿನದಲ್ಲಿ ಅತಿ ತಡವಾದ ದಿನವನ್ನೇ ನಿಮ್ಮ ದಿನ ಎಂದುಕೊಳ್ಳಿ. ಸರಾಸರಿ ಗಂಟೆಗೆ 40 ಕಿ.ಮೀ. ಹಿಡಿದರೂ ಓಟಕ್ಕೇ 11 ಗಂಟೆ ಬೇಕು. ಮುಂದಿನ ಗಾಡಿ ಸಿಗದಿದ್ದರೆ ಆ ತುಂಡನ್ನು ವ್ಯಾನಿನಲ್ಲಿ ದಾಟಿ. ಮೊದಲು ಬಿಡಬೇಕಾದದ್ದು ಹೊಸಪೇಟೆ–ಬಳ್ಳಾರಿ. ಅಲ್ಲಿ ಗಾಡಿ ಬೇಕಾದಷ್ಟಿವೆ, ಇನ್ನೊಂದು ದಿನ ನೋಡಬಹುದು.

ತಡವಾಗುವುದು ಯಾಕೆ ಎಂದು ಗೊತ್ತಿದ್ದರೆ ಕಾಯುವುದು ಬೇಸರವಾಗುವುದಿಲ್ಲ. ಕೊಟ್ಟೂರು ಲೈನು ಒಂಟಿ ಹಳಿಯದು. ಎದುರಿನ ಗಾಡಿಯನ್ನು ಸ್ಟೇಷನ್ನಿನ ಲೂಪಿನಲ್ಲಿಯೇ (ಮುಖ್ಯ ಹಳಿಯಿಂದ ಕವಲೊಡೆದು ಮತ್ತೆ ಸೇರುವ ಪಕ್ಕದ ಹಳಿ) ದಾಟಬೇಕು. ಎರಡು ಸ್ಟೇಷನ್ ನಡುವೆ 10 ಕಿ.ಮೀ. ಇದ್ದು ಎದುರಿನ ಗೂಡ್ಸ್ 50 ಕಿ.ಮೀ. ವೇಗದಲ್ಲಿ ಬರುತ್ತಿದ್ದರೆ 12 ನಿಮಿಷ. ಲೂಪಿಗೆ ತಿರುಗುವ ಪಾಯಿಂಟಿನ ಓರೆ 1:12 ಇದ್ದರೆ 30 ಕಿ.ಮೀ., 1:8.5 ಇದ್ದರೆ 15 ಕಿ.ಮೀ. ವೇಗ ಮಾತ್ರ. ಬಾಕ್ಸ್‌ಎನ್ (ಅದಿರು ತುಂಬುವ) ವ್ಯಾಗನ್ ಒಂದರ ಉದ್ದ 10.7 ಮೀಟರ್. 58 ವ್ಯಾಗನ್ ಸೇರಿದರೆ 620 ಮೀಟರ್ ದಾಟುತ್ತದೆ, ಮೇಲೆ ಎರಡು ಇಂಜಿನ್, ಒಂದು ಬ್ರೇಕ್ ವ್ಯಾನ್. ಲೂಪಿನ ಪ್ರಮಾಣಿತ ಉದ್ದ 686 ಮೀಟರ್. ತುದಿಯಿಂದ ತುದಿಗೆ ಸರಿಯಾಗಿ ಕೂರುತ್ತದೆ, ಅಷ್ಟೇ. ಆ ಉದ್ದದ ಗಾಡಿ 15 ಕಿ.ಮೀ. ವೇಗದಲ್ಲಿ ಪೂರ್ತಿ ಒಳಗೆ ಬರಲು ಎರಡೂವರೆ ನಿಮಿಷ ಮೀರುತ್ತದೆ. ನಿಂತರೆ ಉದ್ದಕ್ಕೂ ಬ್ರೇಕ್ ಬಿಡಿಸಿಕೊಂಡು ಮತ್ತೆ ವೇಗ ಹಿಡಿಯಲು ಇನ್ನಷ್ಟು ಹೊತ್ತು. ಇಂಥ ಒಂದು ಕ್ರಾಸಿಂಗ್ ತಪ್ಪಿದರೆ 20 ನಿಮಿಷ ಹೋಯಿತೆಂದೇ ಲೆಕ್ಕ. ಎರಡು ತಪ್ಪಿದರೆ ಮುಂದಿನ ಗಾಡಿ ತಪ್ಪಿದಂತೆ.

ಕಾದು ನಿಂತ ಆ ಹೊತ್ತನ್ನು ಹಳಿ ಓದಲು ಬಳಸಿ. ಪ್ಲಾಟ್‌ಫಾರ್ಮ್ ಮೇಲೇ ನಿಂತು, ಎದುರಿನ ಹಳಿಯ ನಡುಭಾಗದ ಪಟ್ಟಿಯಲ್ಲಿ ಉಬ್ಬಿದ ಅಕ್ಷರಗಳನ್ನು ನೋಡಿ. ಹಳಿಯ ತೂಕದ ವರ್ಗ (ಮೀಟರಿಗೆ ಇಷ್ಟು ಕಿಲೊ ಎಂದು) 52 ಅಥವಾ 60, ಉಕ್ಕಿನ ದರ್ಜೆ 880, ತಯಾರಿಸಿದ ಕಾರ್ಖಾನೆ, ರೋಮನ್ ಅಂಕಿಯಲ್ಲಿ ತಿಂಗಳು, ಆಮೇಲೆ ವರ್ಷ. ಅಕ್ಷರದ ಸಂದಿಗೆ ಕೆಂಪು ದೂಳು ಕೂತಿರುತ್ತದೆ, ಓರೆ ಬೆಳಕಿದ್ದರೆ ಸಣ್ಣ ದುರ್ಬೀನಿಗೆ ಸ್ಪಷ್ಟವಾಗಿ ಸಿಗುತ್ತದೆ. 52ರ ಹಳಿಯ ಎತ್ತರ 156 ಮಿ.ಮೀ., 60ರದ್ದು 172. ಎರಡೂ ಪಕ್ಕಪಕ್ಕ ಇದ್ದ ಕಡೆ ಕಣ್ಣಿಗೇ ವ್ಯತ್ಯಾಸ ತಿಳಿಯುತ್ತದೆ. ಮುಖ್ಯ ಲೈನಿನ ತಲೆ ಬೆಳ್ಳಿಯಂತೆ ಹೊಳೆಯುತ್ತಿದ್ದು, ಮೂರನೇ ಲೂಪು ಕಂದು ಹಿಡಿದಿದ್ದರೆ ಅಲ್ಲಿ ಗಾಡಿ ಬರುವುದು ಅಪರೂಪ ಎಂದರ್ಥ. ಈ ತುಕ್ಕು ನೋಟಕ್ಕಷ್ಟೇ ಸಂಬಂಧಿಸಿದ್ದಲ್ಲ. ಹಳಿ ಮೇಲೆ ಗಾಡಿ ಇದೆಯೇ ಎಂದು ತಿಳಿಸುವ ಟ್ರ್ಯಾಕ್ ಸರ್ಕ್ಯೂಟ್ ಕೆಲಸ ಮಾಡುವುದು ಚಕ್ರ, ಅಚ್ಚು ಸೇರಿ ಎರಡೂ ಹಳಿಗೆ ವಿದ್ಯುತ್ ಸಂಪರ್ಕ ಕೊಟ್ಟಾಗ. ತುಕ್ಕಿನ ಪದರ ಅದಕ್ಕೆ ಅಡ್ಡ ಬಂದರೆ ಹಳಿ ಮೇಲೆ ಗಾಡಿ ಇದ್ದರೂ ಖಾಲಿ ಎಂದು ತೋರಿಸುವ ಅಪಾಯ ಇದೆ. ಚಕ್ರವನ್ನೇ ಎಣಿಸುವ ಆಕ್ಸಲ್ ಕೌಂಟರಿಗೆ ಈ ತೊಂದರೆ ಇಲ್ಲ. ಹಳಿಯ ಬದಿಗೆ ಬಿಗಿದ ಸಣ್ಣ ಪೆಟ್ಟಿಗೆ ಕಂಡರೆ ಅದೇ ಇರಬಹುದು.

ಜಲ್ಲಿಯನ್ನೂ ನೋಡಿ. ಚೆಲ್ಲಿದ ಅದಿರಿನ ಪುಡಿ ಜಲ್ಲಿಯ ಸಂದಿಗೆ ಇಳಿದರೆ ನೀರು ಬಸಿಯುವುದಿಲ್ಲ. ಮಳೆಗಾಲದಲ್ಲಿ ಸ್ಲೀಪರ್ ಕೆಳಗಿನಿಂದ ಕೆಸರು ಮೇಲೇಳುತ್ತದೆ, ಆಗ ನಿಧಾನ ಹೋಗಿ ಎಂಬ ಕಾಶನ್ ಆರ್ಡರ್ ಬಿದ್ದು ವೇಗ ಇಳಿಯುತ್ತದೆ. ಈ ಸುತ್ತಿಗೆ ನವೆಂಬರಿನಿಂದ ಫೆಬ್ರವರಿ ಒಳ್ಳೆಯದು ಎನ್ನುವುದಕ್ಕೆ ಸೆಕೆಯ ಜೊತೆ ಇದೂ ಕಾರಣ.

ಸೀಟಿನ ವಿಷಯ. ಬೆಳಗ್ಗೆ ಉತ್ತರಕ್ಕೆ ಹೋಗುವಾಗ ಎಡ ಕಿಟಕಿ ಹಿಡಿಯಿರಿ, ಬೆಳಕು ಬೆನ್ನಿಗಿರುತ್ತದೆ. ಹರಿಹರದಿಂದ ಹೊರಟಿದ್ದರೆ ಮರಿಯಮ್ಮನಹಳ್ಳಿ ದಾಟಿದ ಮೇಲೆ ತುಂಗಭದ್ರಾ ಹಿನ್ನೀರು ಇರುವುದೂ ಎಡಕ್ಕೇ. ಸಂಜೆ ಬಳ್ಳಾರಿಯಿಂದ ಚಿತ್ರದುರ್ಗದ ಕಡೆ ಇಳಿಯುವಾಗಲೂ ಎಡವೇ ಸರಿ. ಅದಿರಿನ ಗಾಡಿ ಪಕ್ಕದಲ್ಲಿ ಹೋಗುವಾಗ ಲೆನ್ಸ್ ಬದಲಿಸಬೇಡಿ, ಆ ದೂಳು ಸೆನ್ಸರ್ ಮೇಲೆ ಕೂತರೆ ಊದಿದರೆ ಹೋಗುವುದಿಲ್ಲ. ವಿದ್ಯುತ್ ತಂತಿ ಇರುವ ಕಡೆ ಸೆಲ್ಫಿ ಕೋಲು, ಟ್ರೈಪಾಡ್ ಮೇಲೆತ್ತಲೇ ಕೂಡದು. ತಂತಿಯಲ್ಲಿರುವುದು 25,000 ವೋಲ್ಟ್, ಮುಟ್ಟಬೇಕೆಂದೇ ಇಲ್ಲ, ಹತ್ತಿರ ಹೋದರೆ ಸಾಕು. ನಿಂತ ವ್ಯಾಗನ್ ಹತ್ತಿ ಫೋಟೊ ತೆಗೆಯಲು ಹೋಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಹಳಿ ದಾಟಿ ನಡೆದರೆ ಕಾಯಿದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ. ಕ್ಯಾಮೆರಾ ತೆಗೆಯುವ ಮುನ್ನ ಸ್ಟೇಷನ್ ಮಾಸ್ಟರರನ್ನು ಕಂಡು, ‘ಸರ್, ಪ್ಲಾಟ್‌ಫಾರ್ಮ್ ಬಿಟ್ಟು ಇಳಿಯಲ್ಲ’ ಎಂದು ಹೇಳಿಬಿಡಿ.

ಟಿಕೆಟ್ಟಿಗೆ ಎರಡು ಮಾತು. 199 ಕಿ.ಮೀ. ಒಳಗಿನ ಕಾಯ್ದಿರಿಸದ ಟಿಕೆಟ್ ತೆಗೆದ ಮೂರು ಗಂಟೆಯೊಳಗೆ, ಅಥವಾ ಆಮೇಲಿನ ಮೊದಲ ಗಾಡಿಗೆ ಹೊರಡಬೇಕು. ಹರಿಹರ–ಹೊಸಪೇಟೆ ಈ ಮಿತಿಯೊಳಗೆ ಬರುತ್ತದೆ, ಆದ್ದರಿಂದ ಅಂದೇ ತೆಗೆಯಿರಿ. ಚಿಕ್ಕಜಾಜೂರು–ಬಳ್ಳಾರಿ 184 ಕಿ.ಮೀ., ಅದೂ ಹಾಗೆಯೇ. ದಾವಣಗೆರೆಯಿಂದಲೇ ಬಳ್ಳಾರಿಗೆ ತೆಗೆದರೆ 200 ದಾಟುತ್ತದೆ, ಮುಂಚಿತವಾಗಿ ಸಿಗುತ್ತದೆ. ಆದರೆ ಚಿತ್ರದುರ್ಗದ ಮೇಲೆ ಎಂದು ಹಾದಿ ನಮೂದಾಗಿದೆಯೇ ನೋಡಿಕೊಳ್ಳಿ. 500 ಕಿ.ಮೀ. ಒಳಗಿನ ಟಿಕೆಟ್ಟಿನಲ್ಲಿ ನಡುವೆ ಇಳಿದು ಉಳಿಯುವ ಅವಕಾಶ ಇಲ್ಲ. ಕೋಟೆ ನೋಡಿ ಬರುವವರು ಬೇರೆ ಬೇರೆ ಟಿಕೆಟ್ ತೆಗೆಯಬೇಕು.

ಪ್ಯಾಸೆಂಜರಿನಲ್ಲಿ ಊಟ ಸಿಗುವುದಿಲ್ಲ. ತಲೆಗೆ ಮೂರು ಲೀಟರ್ ನೀರು, ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಳ್ಳಿ. ಮಂಡಕ್ಕಿ ಒಣದಾಗಿಯೇ ಇರಲಿ, ಒಗ್ಗರಣೆ ಬೇರೆ ಡಬ್ಬಿಯಲ್ಲಿ. ಕಲಸಿಟ್ಟರೆ ಕೊಟ್ಟೂರು ಬರುವಷ್ಟರಲ್ಲಿ ಮೆತ್ತಗಾಗುತ್ತದೆ.

ಗಾಡಿ ಕೈಕೊಟ್ಟರೆ ಎಲ್ಲಿ ಇಳಿಯಬೇಕು ಎಂದು ಮೊದಲೇ ಗುರುತು ಹಾಕಿಕೊಳ್ಳಿ: ಕೊಟ್ಟೂರು, ಬಳ್ಳಾರಿ, ಚಳ್ಳಕೆರೆ, ಚಿತ್ರದುರ್ಗ. ನಾಲ್ಕೂ ಕಡೆ ಬಸ್ ಇದೆ. ಸಂಜೆ ಚಳ್ಳಕೆರೆಯಲ್ಲಿ ಗಾಡಿ ಒಂದು ಗಂಟೆಗಿಂತ ಹೆಚ್ಚು ತಡವಿದ್ದರೆ, ಚಿಕ್ಕಜಾಜೂರಿನವರೆಗೆ ಹೋಗುವ ಹಟ ಬಿಟ್ಟು ಚಿತ್ರದುರ್ಗದಲ್ಲೇ ಇಳಿದುಬಿಡಿ. ವ್ಯಾನ್ ಡ್ರೈವರಿಗೆ ಬಳ್ಳಾರಿ ಬಿಡುವಾಗಲೇ ಫೋನ್ ಮಾಡಿ ಅಲ್ಲಿ ನಿಲ್ಲಿಸಿಟ್ಟಿದ್ದರೆ, ಹೆದ್ದಾರಿ ಹಿಡಿದು 60 ಚಿಲ್ಲರೆ ಕಿ.ಮೀ., ಊಟದ ಹೊತ್ತಿಗೆ ದಾವಣಗೆರೆ.