‘ಏನಪ್ಪಾ ಅಂದ್ರೆ’ ಬೇಟೆ: 19ರಿಂದ 4ಕ್ಕೆ

ನನ್ನ ಮಾತಿನ ನಡುವೆ ‘ಏನಪ್ಪಾ ಅಂದ್ರೆ’ ತುರುಕುತ್ತಿದ್ದ ಕಳ್ಳ ಕೊನೆಗೂ ಸಿಕ್ಕಿಬಿದ್ದ. ಮೂರು ವಾರದಿಂದ ಇವನ ಹಿಂದೆ ಬಿದ್ದಿದ್ದೆ.

ಭಾಷಣ ಅಭ್ಯಾಸ ಮಾಡಿಸುವ ಟೋಸ್ಟ್‌ಮಾಸ್ಟರ್ಸ್ ಕ್ಲಬ್ಬಿನಲ್ಲಿ ‘ಆ’, ‘ಉಂ’ ಎಣಿಸೋಕೆ ಅಂತಲೇ ಒಬ್ಬರು ಕೂತಿರುತ್ತಾರಲ್ವಾ, ಆ ಲೆಕ್ಕದಲ್ಲಿ ನಾನು ಪಾಸ್. ಐದರಿಂದ ಏಳು ನಿಮಿಷದ ಭಾಷಣವನ್ನು ಕೆಂಪು ದೀಪ ಹತ್ತುವ ಮೊದಲೇ ಮುಗಿಸುತ್ತೇನೆ. ಆದರೆ ಆಫೀಸಿನ ಸೋಮವಾರದ ರಿವ್ಯೂನಲ್ಲಿ ಕನ್ನಡದಲ್ಲಿ ಮಾತಾಡಿದ್ದನ್ನು ಕೇಳಿಸಿಕೊಂಡರೆ, 12 ನಿಮಿಷಕ್ಕೆ 19 ಸಲ ‘ಏನಪ್ಪಾ ಅಂದ್ರೆ’! ‘ಸಮಸ್ಯೆ ಏನಪ್ಪಾ ಅಂದ್ರೆ’, ‘ಖರ್ಚು ಏನಪ್ಪಾ ಅಂದ್ರೆ’. ಎದುರಿಗೆ ಕೂತಿದ್ದವರು ಮೇಡಂ. ಅವರಿಗೂ ಅಪ್ಪಾ.

ರೆಕಾರ್ಡಿಂಗ್‌ನದ್ದೇ ಒಂದು ಪುರಾಣ. ತರಿಸಿದ ಕಾಲರ್ ಮೈಕಿನ ಪಿನ್ನಿಗೆ ಎರಡು ಕಪ್ಪು ಗೆರೆ, ನನ್ನ ಫೋನಿಗೆ ಬೇಕಾದದ್ದು ಮೂರು ಗೆರೆಯದ್ದು. ‘ಎಲ್ಲ ಫೋನಿಗೂ ಆಗುತ್ತದೆ’ ಅಂತ ಬರೆದಿದ್ದ ಮಾರಿದ ಪುಣ್ಯಾತ್ಮ. ಹಾಗಾಗಿ ಮೊದಲ ವಾರದ ರೆಕಾರ್ಡಿಂಗ್ ಪೂರ್ತಿ ಜೇಬಿನೊಳಗಿಂದ, ಬೀಗದ ಕೈ ಗೊಂಚಲಿನ ಹಿಮ್ಮೇಳದ ಜೊತೆ.

ಮೊದಲು ಕೈಗೆ ರಬ್ಬರ್ ಬ್ಯಾಂಡ್ ಹಾಕಿಕೊಂಡೆ, ತಪ್ಪಿದಾಗೆಲ್ಲ ಚಟ್ ಅನ್ನಿಸಿಕೊಳ್ಳೋದು ಅಂತ. ಕೈ ಕೆಂಪಾಯಿತು, ‘ಏನಪ್ಪಾ ಅಂದ್ರೆ’ ಹೋಗಿ ‘ಅದೇನು ಅಂತಂದ್ರೆ’ ಬಂತು. ಎರಡನೇ ವಾರ ಎಲ್ಲವನ್ನೂ ಬಾಯಿಪಾಠ ಮಾಡಿದೆ. ನಡುವೆ ಯಾರೋ ‘ಈ ಅಂಕಿ ಹೋದ ತಿಂಗಳದ್ದಾ?’ ಅಂದರು. ಅಷ್ಟೇ, ಎಲ್ಲಿದ್ದೆ ಅನ್ನೋದೇ ಮರೆತುಹೋಯಿತು.

ಮೂರನೇ ವಾರ ಸಿಟ್ಟಿಗೆ ಮೊದಲ ರೆಕಾರ್ಡಿಂಗ್ ಹಾಕಿಕೊಂಡು, ಒಂದೊಂದು ‘ಏನಪ್ಪಾ’ಗೂ ನಿಮಿಷ, ಸೆಕೆಂಡು ಬರೆಯುತ್ತಾ ಕೂತೆ. 19ರಲ್ಲಿ 13 ಕ್ಲಿಕ್ಕರ್ ಒತ್ತಿದ ಎರಡು ಸೆಕೆಂಡಿನೊಳಗೆ! ಸ್ಲೈಡ್ ಬದಲಾಗುತ್ತದೆ, ನಾನೂ ಪರದೆ ಕಡೆ ತಿರುಗುತ್ತೇನೆ, ಅಲ್ಲಿ ಏನಿದೆ ಅಂತ ಎಲ್ಲರ ಜೊತೆ ನಾನೂ ಆಗಲೇ ಓದುತ್ತೇನೆ. ಅಷ್ಟು ಹೊತ್ತು ಬಾಯಿ ಸುಮ್ನೆ ಇರಬೇಕಲ್ಲ!

ಮದ್ದು ಸಣ್ಣದು. ಮುಂದಿನ ಸ್ಲೈಡಿನ ಮೊದಲ ವಾಕ್ಯ ಹೇಳಿ, ಆಮೇಲೆ ಒತ್ತೋದು. 16 ಸ್ಲೈಡಿಗೆ 16 ವಾಕ್ಯ, ಒಂದೇ ಹಾಳೆಯಲ್ಲಿ ಕೆಂಪು ಪೆನ್ನಿನಲ್ಲಿ. ಬೇರೇನೂ ಬರೆದುಕೊಳ್ಳಲಿಲ್ಲ. ‘ಡೀಸೆಲ್ ಖರ್ಚು ಈ ಸಲ ಕೈ ಮೀರಿದೆ’ ಅಂದೆ, ಒತ್ತಿದೆ, ಗ್ರಾಫ್ ಬಂತು. ಎಲ್ಲರೂ ಅದನ್ನು ನೋಡುತ್ತಿದ್ದಾಗ ನಾನು ಬಾಯಿ ಮುಚ್ಚಿಕೊಂಡು ನಿಂತೆ. ಆ ಮೂರು ಸೆಕೆಂಡು ಮೂರು ತಾಸಿನ ಹಾಗಿತ್ತು. ರೆಕಾರ್ಡಿಂಗ್‌ನಲ್ಲಿ ಮಾತ್ರ ಅದು ಗೊತ್ತೇ ಆಗುವುದಿಲ್ಲ.

ಇದೇ ಗುಂಗಿನಲ್ಲಿ ಮುಂದಿನ ಪ್ರಾಜೆಕ್ಟೂ ಹೊಳೆಯಿತು: ಯಕ್ಷಗಾನದ ತಾಳಮದ್ದಳೆ. ಭಾಗವತರು ಪದ ಹಾಡುತ್ತಾರೆ, ಅದು ಮುಗಿಯುವ ಹೊತ್ತಿಗೆ ಪಾತ್ರವಾಗಿ ಮಾತಾಡುವ ಅರ್ಥಧಾರಿಯ ಮೊದಲ ಮಾತು ತಯಾರಾಗಿರುತ್ತದೆ. ವೇಷವಿಲ್ಲ, ಕುಣಿತವಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ, ಕೂತಲ್ಲೇ ವಾದ. ಒಂದು ರಾತ್ರಿಯ ಪ್ರಸಂಗ ಕೇಳಿ, ಅವರು ಎಲ್ಲೆಲ್ಲಿ ನಿಲ್ಲಿಸುತ್ತಾರೆ ಅಂತ ಗುರುತು ಹಾಕಿಕೊಳ್ಳಬೇಕು. ಆಫೀಸಿಗೆ ಭಾಗವತರನ್ನು ಕರೆದೊಯ್ಯೋಕೆ ಬಜೆಟ್ ಇಲ್ಲ, ಆ ಮಾತು ಬೇರೆ.

ಈ ಸಲ ಉಳಿದ ನಾಲ್ಕು ‘ಏನಪ್ಪಾ’ಗಳೂ ಪ್ರಶ್ನೋತ್ತರದಲ್ಲಿ ಬಂದವು. ಪ್ರಶ್ನೆ ಬಂದ ಕೂಡಲೇ ಪರದೆ ಕಪ್ಪಾಗಿಸಿ, ಒಂದು ಉಸಿರು ತೆಗೆದುಕೊಂಡು ಉತ್ತರ ಕೊಡೋಣ ಅಂತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ‘ಬಿ’ ಒತ್ತಿದರೆ ಆಗುತ್ತದೆ, ಆದರೆ ನಾನು ನಿಲ್ಲೋದು ಕೋಣೆಯ ಇನ್ನೊಂದು ತುದಿಯಲ್ಲಿ. ಕ್ಲಿಕ್ಕರಿನ ಡಬ್ಬಿಯ ಮೇಲೆ ಆ ಗುಂಡಿಯ ಚಿತ್ರ ಇದೆ. ಕ್ಲಿಕ್ಕರಿನಲ್ಲಿ ಇಲ್ಲ.