ಶೀಟಿನ ಮೇಲೆ ಗೋಣಿಚೀಲ

ಮಡಿಕೇರಿಯಿಂದ ಮಕ್ಕಂದೂರಿನ ಕಡೆ ಹೋಗುವ ದಾರಿಯಲ್ಲಿ ಜೀಪು ನಿಲ್ಲಿಸಿ, ಕಾಫಿ ಗಿಡಗಳ ನಡುವೆ ಹತ್ತು ನಿಮಿಷ ಇಳಿದರೆ ಆ ಮನೆ. ಮುಂಭಾಗಕ್ಕೆ ಮಂಗಳೂರು ಹೆಂಚು, ಹಿಂದಿನ ಅಡುಗೆಮನೆಗೆ ಮಾತ್ರ ಸಿಮೆಂಟ್ ಶೀಟು. ಕಕ್ಕಡ ತಿಂಗಳು, ಅಂದರೆ ಕೊಡಗಿನಲ್ಲಿ ಮಳೆ ಜೋರಿರುವ ಕಾಲ, ಆಗಸ್ಟ್ 2. ಅಂದು ನಮ್ಮ ಸಿನಿಮಾಕ್ಕೆ ತೆಗೆಯಬೇಕಿದ್ದದ್ದು ಒಂದೇ ಸೀನು, 34ನೆಯದು. ಇಪ್ಪತ್ತಮೂರರ ಹುಡುಗಿ ಒಬ್ಬಳೇ ಕೂತು ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ, ಕಟ್ಟುತ್ತಿದ್ದಾಳೆ. ಅಮ್ಮ ಪೇಟೆಯಿಂದ ಇನ್ನೂ ಬಂದಿಲ್ಲ, ಫೋನಿಗೆ ನೆಟ್‌ವರ್ಕ್ ಇಲ್ಲ, ಮಳೆ ಜೋರಾಗುತ್ತದೆ. ಅವಳಿಗೆ ಪ್ಯಾನಿಕ್ ಅಟ್ಯಾಕ್ ಆಗುತ್ತದೆ. ಕಾಗದದ ಮೇಲೆ ಒಂದೂವರೆ ಪುಟ. ತೆಗೆಯಲು ಹನ್ನೊಂದು ಜನರಿಗೆ ಬೆಳಿಗ್ಗೆ ಆರೂವರೆಯಿಂದ ರಾತ್ರಿ ಒಂಬತ್ತರವರೆಗೆ ಹಿಡಿಯಿತು.

ಮೊದಲ ಡ್ರಾಫ್ಟಿನಲ್ಲಿ ಈ ಸೀನು ಹೀಗಿರಲಿಲ್ಲ. ಅದರಲ್ಲಿ ಹುಡುಗಿ ಕಿರುಚುತ್ತಿದ್ದಳು, ತಟ್ಟೆ ಲೋಟ ಬೀಳಿಸುತ್ತಿದ್ದಳು, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದಳು. ಓದಿ ನೋಡಿದ ಕ್ಲಿನಿಕಲ್ ಸೈಕಾಲಜಿಸ್ಟ್ ಪೆನ್ಸಿಲಿನಲ್ಲಿ ಅಷ್ಟನ್ನೂ ಹೊಡೆದು ಹಾಕಿದರು. ಪ್ಯಾನಿಕ್ ಅಟ್ಯಾಕ್ ಹೊರಗೆ ಇಷ್ಟು ಕಾಣುವುದು ಅಪರೂಪ. ಪಕ್ಕದಲ್ಲಿ ಕೂತವರಿಗೂ ಎಷ್ಟೋ ಸಲ ಗೊತ್ತಾಗುವುದಿಲ್ಲ. ಶುರುವಾಗಿ ಕೆಲವೇ ನಿಮಿಷದಲ್ಲಿ, ಸಾಮಾನ್ಯವಾಗಿ ಹತ್ತರೊಳಗೆ, ತುತ್ತತುದಿ ಮುಟ್ಟಿ ಇಳಿಯುತ್ತದೆ. ಒಳಗಿರುವವರಿಗೆ ಮಾತ್ರ ಅದು ಹಾರ್ಟ್ ಅಟ್ಯಾಕೇ. ಎದೆ ಬಡಿತ, ಬೆವರು, ಉಸಿರು ಸಾಲದೆಂಬ ಭಾವ, ಬೆರಳತುದಿ ಮತ್ತು ತುಟಿಯ ಸುತ್ತ ಜುಮ್ಮೆನ್ನುವುದು, ಎದುರಿಗಿರುವ ಗೋಡೆ ನಿಜವಲ್ಲವೇನೋ ಅನಿಸುವುದು. ಅದು ಇಳಿದ ಮೇಲೆ ವಿಪರೀತ ಸುಸ್ತು. ಆಮೇಲಿನ ದಿನಗಳಲ್ಲಿ ‘ಮತ್ತೆ ಬಂದುಬಿಟ್ಟರೆ?’ ಎಂಬ ಲೆಕ್ಕಾಚಾರ.

ನಮ್ಮ ಪ್ರಕಾರ ಸಿನಿಮಾಕ್ಕೆ ಬೇಕಾದ ಸರಕು ಇರುವುದು ಆ ಲೆಕ್ಕಾಚಾರದಲ್ಲಿ. ಅಟ್ಯಾಕು ಒಂದು ಸೀನು, ಲೆಕ್ಕಾಚಾರ ಮಿಕ್ಕ ಇಡೀ ಚಿತ್ರ. ಹುಡುಗಿ ಬಸ್ಸಿನಲ್ಲಿ ಬಾಗಿಲ ಪಕ್ಕದ ಸೀಟು ಬಿಟ್ಟು ಬೇರೆಡೆ ಕೂರುವುದಿಲ್ಲ. ಬ್ಯಾಗಿನಲ್ಲಿ ನೀರಿನ ಬಾಟಲಿ ಇಲ್ಲದೆ ಹೊರಡುವುದಿಲ್ಲ. ಅಮ್ಮನಿಗೆ ‘ಎಲ್ಲಿದ್ದೀಯ’ ಅಂತ ದಿನಕ್ಕೆ ಎಂಟು ಸಲ ಕೇಳುತ್ತಾಳೆ. ಆ ಕ್ಷಣಕ್ಕೆ ಇವು ಸಮಾಧಾನ ಕೊಡುತ್ತವೆ, ಆದರೆ ಕಾಯಿಲೆಯನ್ನು ಸಾಕುವುದೂ ಇವೇ. ಬಾಟಲಿ ಇದ್ದದ್ದಕ್ಕೇ ಬದುಕಿದೆ ಎಂದು ಮನಸ್ಸು ಪಾಠ ಕಲಿತುಬಿಡುತ್ತದೆ. ಮಾತಿನಲ್ಲೂ ನಾವು ‘ಆತಂಕ’ ಎಂಬ ಪದ ಎಲ್ಲೂ ಇಟ್ಟಿಲ್ಲ, ಮನೆಗಳಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ‘ಗ್ಯಾಸ್ಟ್ರಿಕ್ ಇರ್ಬೇಕು, ಓಮದ ನೀರು ಕುಡಿ’, ‘ಬಿಪಿ ಲೋ ಆಯ್ತೇನೋ’, ‘ಸುಮ್ನೆ ಟೆನ್ಷನ್ ಮಾಡ್ಕೋಬೇಡ’. ಇಸಿಜಿ ಸರಿ ಇದೆ ಎಂದು ಆಸ್ಪತ್ರೆಯಿಂದ ಕಳಿಸಿದ ಮೇಲೆ ‘ಏನೂ ಇಲ್ವಂತೆ’ ಎಂದು ಅಮ್ಮ ನಿಟ್ಟುಸಿರಿಡುತ್ತಾಳೆ. ಮಗಳಿಗೆ ಅದಕ್ಕಿಂತ ಕೆಟ್ಟ ಸುದ್ದಿ ಇಲ್ಲ.

ಕಡಂಬುಟ್ಟು ಬಂದದ್ದು ಕೈಗಾಗಿ. ಬೆರಳು ಮರಗಟ್ಟುವುದನ್ನು ನಟಿಸಿ ತೋರಿಸಲು ಹೋದರೆ ಸುಳ್ಳಾಗುತ್ತದೆ. ಆದರೆ ಬಿಸಿ ಹಿಟ್ಟು ಬೆರಳು ಮಾಡಿದ್ದನ್ನೆಲ್ಲ ಬರೆದಿಟ್ಟುಕೊಳ್ಳುತ್ತದೆ. ಒಂದು ಪಾವು ಅಕ್ಕಿತರಿಗೆ ಎರಡೂವರೆ ಪಾವು ನೀರು, ಉಪ್ಪು. ನೀರು ಮರಳಿದ ಮೇಲೆ ತರಿ ಹಾಕಿ ತಿರುವಿ, ಗಟ್ಟಿಯಾದಾಗ ಮುಚ್ಚಿಟ್ಟು, ಕೈಗೆ ತಡೆಯುವಷ್ಟು ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಆರಿದರೆ ಉಂಡೆ ಬಿರಿಯುತ್ತದೆ. ಕಂಟಿನ್ಯುಯಿಟಿಗೆ, ಅಂದರೆ ಎಲ್ಲ ಟೇಕಿನಲ್ಲೂ ಎಲ್ಲವೂ ಒಂದೇ ಥರ ಕಾಣುವುದಕ್ಕೆ, ಇದೇ ತಲೆನೋವು. ಟೇಕ್‌ಗೂ ಟೇಕ್‌ಗೂ ನಡುವೆ ಹದಿನೈದು ನಿಮಿಷ ಕಳೆದರೆ ತಟ್ಟೆಯಲ್ಲಿರುವ ಉಂಡೆಗಳ ಮೈ ಒಣಗಿ ಬೇರೆಯೇ ಕಾಣುತ್ತದೆ. ಒದ್ದೆ ಬಟ್ಟೆ ಮುಚ್ಚಿಟ್ಟೆವು, ಆದರೂ ಮಧ್ಯಾಹ್ನದೊಳಗೆ ಮೂರು ಸಲ ಹೊಸ ಹಿಟ್ಟು ಬೇಯಿಸಬೇಕಾಯಿತು. ತಟ್ಟೆಯಲ್ಲಿ ಯಾವಾಗಲೂ ಹನ್ನೊಂದು ಉಂಡೆ, ಒಂದೇ ಅಳತೆ, ಸಾಲಾಗಿ. ಹನ್ನೆರಡನೆಯದು ಅವಳ ಮುಷ್ಟಿಯಲ್ಲೇ ಉಳಿಯುತ್ತದೆ. ಸೀನಿನ ಕೊನೆಗೆ ಮುಷ್ಟಿ ಬಿಚ್ಚಿದಾಗ ನಾಲ್ಕು ಬೆರಳ ಗುರುತು, ನಡುವೆ ಹೆಬ್ಬೆರಳ ಗುಳಿ. ಅಷ್ಟೇ ಕ್ಲೋಸಪ್.

ಬೆಳಕಿನ ವಿಷಯ ಬೇಗ ಮುಗಿಸುತ್ತೇವೆ. ನಮ್ಮ ಕರೆಂಟು 50 ಹರ್ಟ್ಸ್‌ನದು. ಸೆಕೆಂಡಿಗೆ 24 ಫ್ರೇಮಿನಲ್ಲಿ ತೆಗೆಯುವಾಗ ಶಟರನ್ನು 1/48 ಸೆಕೆಂಡಿನ ಬದಲು 1/50 ಸೆಕೆಂಡಿಗೆ ಇಟ್ಟರೆ ಮನೆಯ ಬಲ್ಬು ಮಿಣುಕುವುದು ತಪ್ಪುತ್ತದೆ. ಆದರೆ ಮಳೆಗಾಲದಲ್ಲಿ ವೋಲ್ಟೇಜ್ ಇಳಿದಾಗ ಅಗ್ಗದ ಎಲ್‌ಇಡಿ ಬಲ್ಬು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಅದನ್ನು ತೆಗೆದು, ಅದೇ ಹೋಲ್ಡರಿನ ಹತ್ತಿರ ಬ್ಯಾಟರಿಯ ಪುಟ್ಟ ಲೈಟು ಕಟ್ಟಿದೆವು. ಮಳೆ ಎಷ್ಟೇ ಸುರಿದರೂ ಬಿಳಿ ಆಕಾಶದ ಎದುರು ಕ್ಯಾಮೆರಾಕ್ಕೆ ಕಾಣುವುದಿಲ್ಲ. ಹಿಂದಿನಿಂದ ಬೆಳಕು ಬೀಳಬೇಕು, ಹಿನ್ನೆಲೆ ಕಪ್ಪಿರಬೇಕು. ಕಿಟಕಿಯಾಚೆ ಸಿಲ್ವರ್ ಓಕಿನ ಒದ್ದೆ ಕಾಂಡಗಳಿದ್ದದ್ದು ಅದೃಷ್ಟ. ಇನ್ನೊಂದು: ಹೊರಗಿನ ಚಳಿಯಿಂದ ಕ್ಯಾಮೆರಾವನ್ನು ಸೀದಾ ಒಲೆ ಉರಿಯುವ ಅಡುಗೆಮನೆಗೆ ತಂದರೆ ಲೆನ್ಸಿನ ಮೇಲೆ ಮಂಜು ಕೂರುತ್ತದೆ. ಒರೆಸಿದಷ್ಟೂ ಕೂರುತ್ತದೆ. ಬ್ಯಾಗಿನೊಳಗೇ ಅರ್ಧ ಗಂಟೆ ಬಿಟ್ಟು, ಒಳಗಿನ ಬಿಸಿಗೆ ಹೊಂದಿದ ಮೇಲೆ ತೆಗೆಯಬೇಕು. ಆ ಅರ್ಧ ಗಂಟೆಯನ್ನು ಕಾಲ್‌ಶೀಟಿನಲ್ಲೇ ಬರೆದಿಡದಿದ್ದರೆ ಯಾರೂ ಕಾಯುವುದಿಲ್ಲ.

ಕಷ್ಟ ಇದ್ದದ್ದು ಶಬ್ದದಲ್ಲಿ. ಶೀಟಿನ ಮೇಲೆ ಕಕ್ಕಡದ ಮಳೆ ಬಿದ್ದರೆ ಪಕ್ಕದಲ್ಲಿ ನಿಂತವರ ಮಾತೂ ಕೇಳದು. ಈ ಸೀನಿನಲ್ಲಿ ಮಾತೇ ಇಲ್ಲ, ಇರುವುದೆಲ್ಲ ಉಸಿರು. ಉಸಿರನ್ನು ಡಬ್ಬಿಂಗಿನಲ್ಲಿ ತುಂಬಿದರೆ ಬಾಯಿಗೂ ಎದೆಗೂ ಹೊಂದದೆ ಸ್ಟುಡಿಯೋ ವಾಸನೆ ಹೊಡೆಯುತ್ತದೆ. ಇದಕ್ಕೆ ಹಳೆಯ ಉಪಾಯವೊಂದಿದೆ: ಛಾವಣಿಗೆ ಕಾಫಿಯ ಗೋಣಿಚೀಲ. ಹನಿ ಶೀಟಿಗೆ ಬಡಿಯುವ ಬದಲು ಬಟ್ಟೆಗೆ ಬಿದ್ದು ಇಂಗುತ್ತದೆ, ತಮಟೆ ನಿಲ್ಲುತ್ತದೆ. ಹತ್ತು ಅಡಿಗೆ ಹನ್ನೆರಡರ ಕೋಣೆ, ಜೊತೆಗೆ ಶೀಟಿನ ಚಾಚು, ಎರಡು ಪದರ. ಐವತ್ತರ ಹತ್ತಿರ ಚೀಲ ಬೇಕಾಯಿತು. ಒಂದು ಪದರ ಸಾಲುವುದಿಲ್ಲ, ನೆನೆದು ಶೀಟಿಗೆ ಅಂಟಿದ ಮೇಲೆ ಅದೂ ಟಪಟಪ ಅನ್ನುತ್ತದೆ. ನೆನೆದ ಚೀಲ ತೂಕ ಹೆಚ್ಚಿ ಜಾರುತ್ತದೆ, ಹಾಗಾಗಿ ಅಂಚಿನವನ್ನು ತೆಂಗಿನ ನಾರಿನ ಹಗ್ಗದಲ್ಲಿ ಬಿಗಿಯಬೇಕು. ಹತ್ತುವವರು ಬೋಲ್ಟಿನ ಸಾಲಿನ ಮೇಲೆ ಹಲಗೆ ಹಾಕಿಕೊಂಡು ಅದರ ಮೇಲೆಯೇ ನಡೆಯಬೇಕು, ಬೋಲ್ಟಿನ ಕೆಳಗೆ ಮರದ ಅಡ್ಡಪಟ್ಟಿ ಇರುತ್ತದೆ. ನಡುವೆ ಕಾಲಿಟ್ಟರೆ ಹಳೆಯ ಸಿಮೆಂಟ್ ಶೀಟು ಬಿಸ್ಕತ್ತಿನ ಹಾಗೆ ಮುರಿಯುತ್ತದೆ. ನಮ್ಮಲ್ಲೂ ಒಂದು ಮೂಲೆ ಮುರಿಯಿತು. ಹೊಸ ಶೀಟಿನ ದುಡ್ಡು ಆ ದಿನದ ಊಟದ ಖರ್ಚಿಗಿಂತ ಹೆಚ್ಚಾಯಿತು.

ಮೈಕುಗಳಿಗೂ ಈ ಹವೆ ಆಗಿಬರುವುದಿಲ್ಲ. ಸಾಮಾನ್ಯ ಕಂಡೆನ್ಸರ್ ಮೈಕು ತೇವ ಹಿಡಿದರೆ ಚಿಟಿಚಿಟಿ ಅನ್ನತೊಡಗುತ್ತದೆ. ಊಟದ ಬಿಡುವಿನಲ್ಲೂ ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ ಸೇರಿಸಬೇಕು. ಸಣ್ಣ ಕೋಣೆಯಲ್ಲಿ ಉದ್ದನೆಯ ಶಾಟ್‌ಗನ್ ಮೈಕು ಗೋಡೆಯ ಪ್ರತಿಧ್ವನಿಯನ್ನು ವಿಚಿತ್ರವಾಗಿ ಹಿಡಿಯುತ್ತದೆ, ಎದುರಿನ ಸದ್ದನ್ನೇ ಹೆಚ್ಚು ಹಿಡಿಯುವ ಗಿಡ್ಡನೆಯ ಹೈಪರ್‌ಕಾರ್ಡಿಯಾಯ್ಡ್ ಮೈಕು ವಾಸಿ, ತಲೆಯಿಂದ ಒಂದೂವರೆ ಅಡಿ ಮೇಲೆ. ಬಟ್ಟೆಯೊಳಗಿನ ಲೇಪಲ್ ಮೈಕನ್ನು ಎದೆಯ ನಡುವೆ ಇಡುವುದು ರೂಢಿ. ಇಲ್ಲಿ ಅದು ಕೆಲಸ ಕೆಡಿಸಿತು. ಉಸಿರು ಏರಿದಂತೆ ಎದೆ ಏರಿ ಬಟ್ಟೆ ಉಜ್ಜುತ್ತದೆ. ಕುತ್ತಿಗೆಯ ಬುಡಕ್ಕೆ, ಕೂದಲ ಮರೆಗೆ ಸರಿಸಿದ ಮೇಲೆ ಸರಿಹೋಯಿತು.

ಮೂರನೇ ಟೇಕಿನಲ್ಲಿ ಆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಇಂಥ ಸೀನು ತೆಗೆಯಲು ಹೊರಟವರು ಎಡವುವುದು ಅಲ್ಲೇ. ನಟಿಗೆ ನಿಜವಾಗಿ ಜೋರು ಜೋರಾಗಿ ಉಸಿರಾಡಲು ಹೇಳಿದರೆ ಅದು ನಟನೆಯಾಗಿ ಉಳಿಯುವುದಿಲ್ಲ. ಬೇಕಾದ್ದಕ್ಕಿಂತ ಹೆಚ್ಚು ಉಸಿರು ಹೊರಹಾಕಿದಾಗ ರಕ್ತದ ಕಾರ್ಬನ್ ಡೈಆಕ್ಸೈಡ್ ಇಳಿದು ಮಿದುಳಿನ ರಕ್ತನಾಳಗಳು ಕಿರಿದಾಗುತ್ತವೆ, ತಲೆ ಹಗುರಾಗುತ್ತದೆ. ರಕ್ತ ಕ್ಷಾರದ ಕಡೆ ವಾಲಿ, ನರಗಳಿಗೆ ಸಿಗುವ ಕ್ಯಾಲ್ಸಿಯಂ ಕಡಿಮೆಯಾಗಿ ಬೆರಳು ಜುಮುಗುಟ್ಟಿ ಸೆಟೆದುಕೊಳ್ಳುತ್ತದೆ. ಮನಸ್ಸಿನಲ್ಲಿ ಹೆದರಿಕೆ ಇರಲಿ ಇಲ್ಲದಿರಲಿ, ದೇಹಕ್ಕೆ ಎರಡೂ ಒಂದೇ. ಅದಕ್ಕೇ ಕಟ್ಟಳೆ ಹಾಕಿಕೊಂಡಿದ್ದೆವು. ಒಂದು ಟೇಕಿನಲ್ಲಿ ಜೋರು ಉಸಿರು 20 ಸೆಕೆಂಡು ಮಾತ್ರ. ಮಿಕ್ಕಂತೆ ಭುಜ ಮತ್ತು ಮೇಲೆದೆ ಏರಿಳಿಯಬೇಕು, ಗಾಳಿ ಹೆಚ್ಚು ಓಡಬಾರದು. ನಡುವೆ ಎರಡು ನಿಮಿಷ ಬಿಡುವು. ಅವಳು ಅಂಗೈಯನ್ನು ನೆಲಕ್ಕೆ ಚಪ್ಪಟೆ ಊರಿದರೆ ಯಾರ ಅಪ್ಪಣೆಯೂ ಬೇಡ, ಕಟ್.

ಮೂರನೆಯದರಲ್ಲಿ 20 ಸೆಕೆಂಡು ದಾಟಿತು. ಮಾನಿಟರ್ ಮುಂದಿದ್ದವರಿಗೆ ಅದು ಅತ್ಯುತ್ತಮ ಟೇಕು. ಹೆಡ್‌ಫೋನ್ ಹಾಕಿಕೊಂಡವರಿಗೆ ಮಾತ್ರ ಬೇರೆ ಏನೋ ಕೇಳಿತು. ಅಲ್ಲಿಯವರೆಗೆ ಪಾತ್ರದ ಲಯದಲ್ಲಿದ್ದ ಉಸಿರು ಮೇಲಕ್ಕೆಳೆದು ತುಂಡಾಗುತ್ತಿತ್ತು, ನಡುವೆ ಗಂಟಲು ಕಟ್ಟಿದ ಸದ್ದು. ಅಂಗೈ ಊರಲು ಆಗುತ್ತಿರಲಿಲ್ಲ, ಬೆರಳು ಮಡಚಿಕೊಂಡಿದ್ದವು. ಕೈಸನ್ನೆಯ ಕಟ್ಟಳೆ ಮಾಡುವಾಗ ಕೈಯೇ ಕೈಕೊಡಬಹುದು ಎಂದು ನಮಗೆ ಹೊಳೆದಿರಲಿಲ್ಲ. ಕಟ್ ಕೂಗಿದ್ದು ಬೂಮ್, ಅಂದರೆ ಮೈಕಿನ ಉದ್ದನೆಯ ಕೋಲು, ಹಿಡಿದಿದ್ದ ಹುಡುಗ. ಆಮೇಲೆ ಅವಳನ್ನು ಗೋಡೆಗೆ ಒರಗಿಸಿ, ಮೂಗಿನಲ್ಲಿ ನಾಲ್ಕು ಎಣಿಸುವಷ್ಟು ಒಳಗೆ, ಬಾಯಲ್ಲಿ ಆರು ಎಣಿಸುವಷ್ಟು ಹೊರಗೆ. ಐದಾರು ನಿಮಿಷದಲ್ಲಿ ಬೆರಳು ಬಿಚ್ಚಿತು. ಯಾರೋ ಕಾಗದದ ಚೀಲ ತಂದರು, ಬೇಡವೆಂದೆವು. ಚೀಲದಲ್ಲಿ ಉಸಿರಾಡಿಸುವುದು ಹಳೆಯ ಪದ್ಧತಿ. ಉಬ್ಬಸವೋ ಹೃದಯದ ತೊಂದರೆಯೋ ಇದ್ದವರಿಗೆ ಅದು ಆಮ್ಲಜನಕ ತಗ್ಗಿಸಿ ಅಪಾಯ ತರುತ್ತದೆ. ಉಳಿದ ಟೇಕುಗಳಿಗೆ ಸನ್ನೆ ಬದಲಾಯಿತು: ತಲೆ ಎಡಕ್ಕೆ ವಾಲಿದರೆ ಕಟ್. ಚಿತ್ರದಲ್ಲಿ ಇರುವುದು ಐದನೇ ಟೇಕು. ಮೂರನೆಯದನ್ನು ಎಡಿಟಿಂಗ್ ಟೇಬಲ್‌ಗೆ ಕಳಿಸಲೇ ಇಲ್ಲ. ಕಳಿಸಿದ್ದರೆ ಅದನ್ನೇ ಆರಿಸುತ್ತಿದ್ದರು.

ಇಲ್ಲಿ ಹಿನ್ನೆಲೆಗೆ ಏನು ಹಾಕಬೇಕೆಂಬ ಜಗಳ ಮೊದಲಿನಿಂದಲೂ ಇತ್ತು. ಲಬ್‌ಡಬ್ ಎದೆಬಡಿತ, ಕಿವಿಯಲ್ಲಿ ಕುಯ್ಯೆನ್ನುವ ಸದ್ದು, ಎಲ್ಲ ಶಬ್ದ ನೀರೊಳಗೆ ಹೋದ ಹಾಗೆ ಮಸುಕಾಗುವುದು. ಮೂರೂ ಸವಕಲು. ಮಸುಕಾಗುವುದು ತಪ್ಪು ಕೂಡ, ಈ ಹುಡುಗಿಗೆ ಕೇಳಿಸುವುದು ಕಡಿಮೆಯಲ್ಲ, ಹೆಚ್ಚು. 2018ರ ಆಗಸ್ಟ್ ಮಧ್ಯದಲ್ಲಿ ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆಯ ಕಡೆ ಬರೆ, ಅಂದರೆ ಗುಡ್ಡದ ಇಳಿಜಾರು, ಜಾರಿ ಮನೆ ತೋಟಗಳನ್ನು ಒಯ್ದಾಗ ಅವಳು ಹೈಸ್ಕೂಲು. ಆಮೇಲೆ ಪ್ರತಿ ಮಳೆಗಾಲವೂ ಕಿವಿಯೇ ಅವಳ ಕಾವಲುಗಾರ. ಹಾಗಾಗಿ ಮಳೆಯನ್ನು ಬಿಡಿಸಿ ಬಿಡಿಸಿ ಹಿಡಿಯಬೇಕಿತ್ತು. ಸಂಜೆ ನಟಿಯನ್ನು ಕಳಿಸಿದ ಮೇಲೆ ಒಂದೊಂದನ್ನೇ ಮೂರು ನಿಮಿಷದಂತೆ ರೆಕಾರ್ಡ್ ಮಾಡಿದೆವು. ಹೆಂಚಿನ ಅಂಚಿನ ಹನಿ, ಬಾಳೆಯೆಲೆ, ಕೆಸದೆಲೆ, ತಾಮ್ರದ ಹಂಡೆಗೆ ಸೋರುವುದು, ಮನೆ ಹಿಂದಿನ ಚರಂಡಿ. ಮಿಕ್ಸಿಂಗಿನಲ್ಲಿ ಮೊದಲು ಒಂದೇ ಮಳೆ ಇರುತ್ತದೆ. ಅಟ್ಯಾಕು ಏರಿದಂತೆ ಅದು ಐದಾಗಿ ಸೀಳುತ್ತದೆ, ಕೊನೆಗೆ ಚರಂಡಿಯೊಂದೇ ಎದುರಿಗೆ ಬಂದು ಕೂರುತ್ತದೆ. ಸಂಗೀತವಿಲ್ಲ.

ಇಲ್ಲೊಂದು ಪ್ರಶ್ನೆ ಉಳಿಯಿತು. ಬರೆಯ ಕೆಳಗೆ ಮನೆ ಇರುವವರು ಮಳೆಗೆ ಹೆದರಿದರೆ ಅದು ಕಾಯಿಲೆ ಹೇಗಾದೀತು? ಸೈಕಾಲಜಿಸ್ಟ್ ಉತ್ತರ ಸರಳವಾಗಿತ್ತು. ಅದೇ ಕಿವಿ ಜನವರಿಯ ಬಿಸಿಲಿನಲ್ಲೂ ನಿದ್ದೆಗೆಡಿಸಿ ಕೂತಿದ್ದರೆ, ತಿಂಗಳುಗಟ್ಟಲೆ ಬಿಡದಿದ್ದರೆ, ಓದು ಕೆಲಸ ನಿಂತುಹೋದರೆ ಆಗ. ಅದಕ್ಕೇ ಎರಡನೇ ಅಟ್ಯಾಕನ್ನು ಕಾಫಿ ಕೊಯ್ಲಿನ ಕಾಲಕ್ಕೆ ಇಟ್ಟೆವು. ಕಣದಲ್ಲಿ ಹಣ್ಣು ಒಣಗುತ್ತಿರುವಾಗ, ಒಂದು ಮೋಡವೂ ಇಲ್ಲದ ಮಧ್ಯಾಹ್ನ. ಅಮ್ಮನಿಗೆ ಅಂದೇ ಅರ್ಥವಾಗುವುದು. ಚಿಕಿತ್ಸೆಯ ಭಾಗ ಪುಟ್ಟದು: 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಕನ್ನಡದಲ್ಲೇ ಮಾತಾಡುವ ಒಂದು ಕರೆ. ಆಮೇಲೆ ಮಾತ್ರೆ ಹಿಡಿಯಲು ಕೆಲವು ವಾರ ಬೇಕೆಂದು ಡಾಕ್ಟರ್ ಹೇಳುವ ಒಂದು ಸಾಲು. ಆ ಸಾಲು ಇಲ್ಲದಿದ್ದರೆ ನೋಡುವವರಲ್ಲಿ ಯಾರೋ ನಾಲ್ಕನೇ ದಿನಕ್ಕೇ ಮಾತ್ರೆ ಬಿಡುತ್ತಾರೆ.

ಮರುದಿನ ಕಕ್ಕಡ ಹದಿನೆಂಟು, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ದಿನ. ಮನೆಯವರು ಮದ್ದುಸೊಪ್ಪಿನ ಪಾಯಸ ಕೊಟ್ಟರು, ಕಡು ನೇರಳೆ ಬಣ್ಣ. ಅದನ್ನು ತಿಂದರೆ ಮೂತ್ರ ಕೆಂಪಾಗುತ್ತದೆಂದು ಬೆಂಗಳೂರಿನಿಂದ ಬಂದವರಿಗೆ ಯಾರೂ ಹೇಳಲಿಲ್ಲ. ಲೈಟಿನ ಹುಡುಗ ಬಚ್ಚಲಿನಿಂದ ಹೊರಬಂದಾಗಿನ ಮುಖ ಹಿಂದಿನ ದಿನದ ಐದೂ ಟೇಕಿಗಿಂತ ಚೆನ್ನಾಗಿತ್ತು.

ಆದರೆ ಆಗಸ್ಟ್ 2ರ ರಾತ್ರಿ ಇನ್ನೂ ಮುಗಿದಿರಲಿಲ್ಲ. ಒಂಬತ್ತಕ್ಕೆ ಸಾಮಾನು ಕಟ್ಟುವಾಗ, ಗೋಣಿಚೀಲ ಬೆಳಿಗ್ಗೆ ಇಳಿಸಿದರಾಯಿತು ಅಂದುಕೊಂಡಿದ್ದೆವು. ದಿನವಿಡೀ ನಮಗೆ ಹಿಟ್ಟು ಬೇಯಿಸಿಕೊಟ್ಟ ಮನೆಯೊಡತಿ ಬಾಗಿಲಲ್ಲಿ ನಿಂತು, ಈಗಲೇ ತೆಗೆಯಬಹುದಾ ಎಂದು ಕೇಳಿದರು. ಛಾವಣಿಗೆ ಭಾರವಾದೀತು ಎಂಬ ಭಯವೇನೋ ಅಂತ, ಹಗ್ಗ ಬಿಗಿಯಾಗಿದೆ, ಏನೂ ಆಗಲ್ಲ ಎಂದೆವು. ಅವರದು ಅದಲ್ಲ. ಚೀಲ ಇದ್ದರೆ ರಾತ್ರಿ ಮಳೆ ಎಷ್ಟು ಬರುತ್ತಿದೆ ಅಂತ ಮಲಗಿದಲ್ಲಿ ಗೊತ್ತಾಗುವುದಿಲ್ಲ, ಮಳೆಯ ಅಂದಾಜು ಸಿಗದೆ ಚರಂಡಿಯ ಸದ್ದು ಕೇಳಿ ಏನು ಪ್ರಯೋಜನ ಅಂದರು. ಮಳೆ ಸುರಿಯುತ್ತಿದ್ದಾಗ ಚರಂಡಿ ಸುಮ್ಮನಾದರೆ ಮೇಲೆ ಎಲ್ಲೋ ಮಣ್ಣು ಅಡ್ಡ ಬಿದ್ದಿದೆ ಎಂದರ್ಥ.

ಟಾರ್ಚ್ ಹಿಡಿದು, ಹಲಗೆ ಹಾಕಿ, ಬೋಲ್ಟಿನ ಸಾಲಿನಲ್ಲೇ ಕಾಲಿಟ್ಟು ಇಬ್ಬರು ಹತ್ತಿದರು. ನೆನೆದ ಚೀಲಗಳು ಒಂದೊಂದಾಗಿ ಅಂಗಳಕ್ಕೆ ಬೀಳುತ್ತಿದ್ದಂತೆ ಅಡುಗೆಮನೆಯೊಳಗೆ ಮಳೆ ಮೂಲೆ ಮೂಲೆಯಿಂದ ವಾಪಸು ಬಂತು. ಕೊನೆಯ ಚೀಲ ಬಿದ್ದ ಮೇಲೆ ಅವರು ಒಂದು ಕ್ಷಣ ಮೇಲೆ ನೋಡಿ, ದೀಪ ಆರಿಸಿದರು.